‘ನಿರಂತರ ತಯಾರಿಕೆ’ ಅಂದರೆ ನಿಲ್ಲದ ತಯಾರಿಕೆಯೇ?

ಎಲ್ಲರಿಗೂ ನಮಸ್ಕಾರ.

ಔಷಧ ತಯಾರಿಕೆಯ ಬಗ್ಗೆ ಕನ್ನಡದಲ್ಲಿ ಒಂದು ಬರಹ ಬರೆಯುತ್ತಿದ್ದೇನೆ. ‘ಕಂಟಿನ್ಯುಯಸ್ ಮ್ಯಾನುಫ್ಯಾಕ್ಚರಿಂಗ್’ ಬಂದ ಕಡೆ ‘ನಿರಂತರ ತಯಾರಿಕೆ’ ಎಂದು ಹಾಕಿದ್ದೆ. ಓದಿದ ಗೆಳತಿ ಕೇಳಿದಳು: “ಹಾಗಾದ್ರೆ ಹಗಲು ರಾತ್ರಿ ಯಂತ್ರ ನಿಲ್ಲಿಸೋದೇ ಇಲ್ವಾ?” ಆ ಪದ ಕೇಳಿದರೆ ಯಾರಿಗೂ ಹಾಗೇ ಅನ್ನಿಸುತ್ತದೆ.

ಹಳೆಯ ‘ಬ್ಯಾಚ್’ ಪದ್ಧತಿಯಲ್ಲಿ ಪುಡಿಯನ್ನೆಲ್ಲ ಒಂದೇ ಸಲಕ್ಕೆ ಯಂತ್ರಕ್ಕೆ ಹಾಕಿ ಬೆರೆಸುತ್ತಾರೆ. ಪೂರ್ತಿ ಹೊರಗೆ ತೆಗೆದು, ಪರೀಕ್ಷೆ ಮಾಡಿ, ಮುಂದಿನ ಯಂತ್ರಕ್ಕೆ ಒಯ್ಯುತ್ತಾರೆ. ಹೊಸದರಲ್ಲಿ ಈ ತುದಿಯಲ್ಲಿ ಪುಡಿ ಬೀಳುತ್ತಲೇ ಇರುತ್ತದೆ, ಆ ತುದಿಯಲ್ಲಿ ಮಾತ್ರೆ ಉದುರುತ್ತಲೇ ಇರುತ್ತದೆ. ಹಲವು ದೇಶಗಳ ಔಷಧ ನಿಯಂತ್ರಕರೂ ಕಂಪನಿಗಳೂ ಸೇರಿರುವ ಐಸಿಎಚ್ ಸಂಸ್ಥೆಯಲ್ಲಿ 2022ರಲ್ಲಿ ಒಪ್ಪಿಗೆಯಾದ ಕ್ಯೂ13 ಮಾರ್ಗಸೂಚಿ ಹೇಳುವುದೂ ಇದನ್ನೇ: ಒಳಗೆ ಹೋಗುವುದು, ಒಳಗೇ ಮಾರ್ಪಡುವುದು, ಹೊರಗೆ ಬರುವುದು ಒಟ್ಟೊಟ್ಟಿಗೆ ನಡೆಯಬೇಕು. ಎಷ್ಟು ಹೊತ್ತು ಎಂಬ ಮಾತು ಆ ಅರ್ಥದಲ್ಲಿಲ್ಲ. ಕೆಲವೇ ಗಂಟೆ ಓಡಿಸಿ ನಿಲ್ಲಿಸಿದರೂ ಅದು ಕಂಟಿನ್ಯುಯಸ್ಸೇ. ನಮ್ಮ ‘ನಿರಂತರ’, ‘ಸತತ’, ‘ಎಡೆಬಿಡದ’ ಎಲ್ಲವೂ ಹೊತ್ತಿನ ಲೆಕ್ಕವನ್ನೇ ಹೇಳುತ್ತವೆ.

‘ಹರಿವಿನ ತಯಾರಿಕೆ’ ಎಂದು ಬರೆದು ನೋಡಿದೆ. ದ್ರಾವಣಗಳಿಗೆ ಚೆನ್ನಾಗಿ ಒಪ್ಪುತ್ತದೆ. ಆದರೆ ನೀರು ಹರಿಯುತ್ತದೆ, ಪುಡಿ ಸುರಿಯುತ್ತದೆ, ಅಲ್ವಾ? ಮೇಲಾಗಿ ‘ಫ್ಲೋ ಕೆಮಿಸ್ಟ್ರಿ’ಗೆ, ಅಂದರೆ ಕೊಳವೆಯಲ್ಲಿ ಹರಿಯುತ್ತಿರುವಾಗಲೇ ರಾಸಾಯನಿಕ ಕ್ರಿಯೆ ನಡೆಸುವ ವಿಧಾನಕ್ಕೆ, ‘ಹರಿವು’ ಬೇಕೇ ಬೇಕು. ಈಗ ‘ಧಾರೆ ತಯಾರಿಕೆ’ ಎಂಬುದರ ಕಡೆ ಮನಸ್ಸು ವಾಲಿದೆ.

ಅದಕ್ಕೆ ಎದುರು ಪದವಾಗಿ ‘ಒಬ್ಬೆ’ ನೆನಪಾಯಿತು. ಒಂದು ಸಲಕ್ಕೆ ಒಲೆಯ ಮೇಲೆ ಏರಿ ಇಳಿಯುವಷ್ಟನ್ನು ಒಬ್ಬೆ ಅನ್ನುತ್ತೇವೆ. ಬ್ಯಾಚ್ ಪದ್ಧತಿಗೆ ಇದಕ್ಕಿಂತ ಹತ್ತಿರದ ಮಾತು ನನಗಂತೂ ಸಿಕ್ಕಿಲ್ಲ. ಹಾಗಂತ ಎಲ್ಲ ಕಡೆ ‘ಬ್ಯಾಚ್’ ತೆಗೆದು ‘ಒಬ್ಬೆ’ ಹಾಕುವ ಹಾಗಿಲ್ಲ. ಒಂದು ವಾಕ್ಯ ನೋಡಿ: “2016ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಎಚ್‌ಐವಿಯ ಒಂದು ಮಾತ್ರೆಯನ್ನು ಬ್ಯಾಚ್‌ನಿಂದ ಕಂಟಿನ್ಯುಯಸ್‌ಗೆ ಬದಲಿಸಲು ಒಪ್ಪಿತು.” ಇದನ್ನು ಓದಿದವರು ಆ ಮಾತ್ರೆಗೆ ಇನ್ನು ಬ್ಯಾಚ್ ನಂಬರೇ ಇಲ್ಲ ಅಂದುಕೊಳ್ಳಬಹುದು. ಆದರೆ ಇರುತ್ತದೆ! ಇಷ್ಟು ಹೊತ್ತಿನಲ್ಲಿ ಬಂದದ್ದು, ಅಥವಾ ಇಷ್ಟು ಕಿಲೋ ಬಂದದ್ದು ಒಂದು ಬ್ಯಾಚ್ ಎಂದು ಮೊದಲೇ ಗೊತ್ತುಮಾಡಿರುತ್ತಾರೆ. ಹಾಗಾಗಿ ಪದ್ಧತಿಗೆ ‘ಒಬ್ಬೆ’, ನಂಬರ್ ಇರುವ ಗುಂಪಿಗೆ ‘ಬ್ಯಾಚ್’ ಎಂದು ಬೇರೆ ಮಾಡಿದರೆ ಇಂಗ್ಲಿಷಿನಲ್ಲೇ ಇರುವ ಗೊಂದಲ ಕನ್ನಡದಲ್ಲಿ ತಪ್ಪುತ್ತದೆ. ಇದು ನನಗೆ ತುಂಬಾ ಖುಷಿ ಕೊಟ್ಟಿದೆ.

ಇನ್ನು ‘ಪ್ರೊಸೆಸ್ ಇಂಟೆನ್ಸಿಫಿಕೇಶನ್’. ಸಾಮಾನ್ಯವಾಗಿ ಹೊಳೆಯುವುದು ‘ತೀವ್ರೀಕರಣ’. ಕೇಳಿದರೆ ಜ್ವರ ಜಾಸ್ತಿಯಾದ ಹಾಗಿದೆ. 1970ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ರಾಸಾಯನಿಕ ಕಂಪನಿ ಐಸಿಐನಲ್ಲಿ ಕಾಲಿನ್ ರ್ಯಾಮ್‌ಶಾ ಈ ದಾರಿ ಹಿಡಿದಾಗ ಇದ್ದ ಆಸೆ, ಕಾರ್ಖಾನೆಯನ್ನು ಎಷ್ಟೋ ಪಟ್ಟು ಚಿಕ್ಕದು ಮಾಡುವುದು. ಕಾರ್ಖಾನೆಯ ಎತ್ತರದ ಗೋಪುರದೊಳಗೆ ನಡೆಯುವ ಕೆಲಸವನ್ನು ಗಿರಗಿರನೆ ತಿರುಗುವ ಸಣ್ಣ ಯಂತ್ರದಲ್ಲಿ ಮಾಡಿಸುವುದು. ಅದಕ್ಕೇ ‘ಅಡಕಗೊಳಿಸುವಿಕೆ’ ಎಂದು ಯೋಚಿಸಿದ್ದೇನೆ. ‘ಸಾಂದ್ರೀಕರಣ’ ಬೇಡ, ದ್ರಾವಣವನ್ನು ಗಾಢ ಮಾಡುವುದಕ್ಕೆ ಅದು ಆಗಲೇ ಬಳಕೆಯಲ್ಲಿದೆ.

ಒಂದೇ ಅಳುಕು. ‘ಮಾತ್ರೆಯಲ್ಲಿ ಅಡಕವಾಗಿರುವ ಔಷಧ’ ಎಂದೂ ಬರೆಯುತ್ತೇವಲ್ಲ, ಒಂದೇ ಪುಟದಲ್ಲಿ ಎರಡೂ ಬಂದರೆ ತೊಡಕಾಗುತ್ತದೆಯೇ? ‘ಒಬ್ಬೆ’ ನಿಮ್ಮ ಕಡೆಯ ಮಾತಿನಲ್ಲಿ ಬೇರೆ ರೂಪದಲ್ಲಿದ್ದರೆ ಅದನ್ನೂ ದಯವಿಟ್ಟು ತಿಳಿಸಿ.