ಊರಲ್ಲಿ ಕಾಳಿಂಗದ ಬಗ್ಗೆ ಮಾತಾಡಬೇಕು, ಎಲ್ಲಿಂದ ಶುರು ಮಾಡಲಿ?

ಅಡಿಕೆತೋಟ:
ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆಯ ಸಣ್ಣ ಊರು. ಮುಂದಿನ ತಿಂಗಳು ಶಾಲೆಯ ಜಗಲಿಯಲ್ಲಿ ಹಾವುಗಳ ಬಗ್ಗೆ, ಮುಖ್ಯವಾಗಿ ಕಾಳಿಂಗ ಸರ್ಪದ ಬಗ್ಗೆ, ಒಂದು ಗಂಟೆ ಮಾತಾಡು ಅಂತ ಊರಿನ ಹುಡುಗರು ಹೇಳಿದ್ದಾರೆ. ನಾನು ವಿಜ್ಞಾನಿ ಅಲ್ಲ. ತೋಟ ನೋಡಿಕೊಂಡು, ಹತ್ತು ವರ್ಷದಿಂದ ಹಾವುಗಳನ್ನು ಗಮನಿಸುತ್ತಾ, ಓದುತ್ತಾ ಬಂದವನು. ಹೋದ ವರ್ಷ ಪೇಟೆಯಿಂದ ಒಬ್ಬರು ಬಂದು ಹಕ್ಕಿಗಳ ಬಗ್ಗೆ ಮಾತಾಡಿದ್ದರು. ತುಂಬಾ ತಿಳಿದವರು, ಆದರೆ ಸ್ಲೈಡ್ ಮೇಲೆ ಸ್ಲೈಡ್, ಎಲ್ಲಾ ಇಂಗ್ಲಿಷ್ ಹೆಸರು, ಅರ್ಧ ಗಂಟೆಗೆ ಮುಕ್ಕಾಲು ಜನ ಎದ್ದು ಹೋದರು. ನನಗೆ ಬೇಜಾರಾಯಿತು, ಯಾಕಂದ್ರೆ ಅವರು ತೋರಿಸಿದ ಮಂಗಟ್ಟೆ ಹಕ್ಕಿ ನಮ್ಮ ತಲೆ ಮೇಲೇ ದಿನಾ ಹಾರುತ್ತದೆ. ಅದು ಇದೇ ಅಂತ ಯಾರಿಗೂ ಹೊಳೆಯಲೇ ಇಲ್ಲ.

ಹಾಗಾಗಬಾರದು ಅಂತ ಕೇಳುತ್ತಿದ್ದೇನೆ. ಎಲ್ಲಿಂದ ಶುರು ಮಾಡಲಿ? ಒಂದು ಜೀವಂತ ಹಾವು ತರಿಸಿದರೆ ಜನ ಸೇರುತ್ತಾರೆ ಅಂತ ಕೆಲವರು ಹೇಳುತ್ತಿದ್ದಾರೆ. ಅದು ಸರಿಯಾ?

ಹಳ್ಳಿ ಮೇಷ್ಟ್ರು:
ಹಾವು ತರಿಸಬೇಡಿ. ಕಾನೂನಂತೂ ಇದೆ, 1972ರ ವನ್ಯಜೀವಿ ಕಾಯ್ದೆ, ಅದರಲ್ಲಿ ಕಾಳಿಂಗಕ್ಕೆ ಈಗ ಅತಿ ಹೆಚ್ಚಿನ ರಕ್ಷಣೆ. ಆದರೆ ನಾನು ಬೇಡ ಅನ್ನುವುದು ಅದೊಂದಕ್ಕೇ ಅಲ್ಲ. ನಮ್ಮ ಕಡೆ ಒಂದು ಕಾರ್ಯಕ್ರಮದಲ್ಲಿ ಒಬ್ಬರು ಚೀಲದಿಂದ ನಾಗರಹಾವು ತೆಗೆದು, ಬಾಲ ಹಿಡಿದು ವೇದಿಕೆ ಮೇಲೆ ಆಡಿಸಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ಮರುವಾರ ನನ್ನ ಏಳನೇ ಕ್ಲಾಸಿನ ಹುಡುಗನೊಬ್ಬ ಗದ್ದೆ ಬದುವಿನಲ್ಲಿ ಹಾವಿನ ಬಾಲ ಹಿಡಿಯಲು ಹೋಗಿದ್ದ. ಪುಣ್ಯಕ್ಕೆ ಅದು ಕೇರೆ ಹಾವು. ಅವತ್ತು ಹೇಳಿದ ಮಾತು ಯಾವ ಮಗುವಿಗೂ ನೆನಪಿರಲಿಲ್ಲ, ಬಾಲ ಹಿಡಿದದ್ದು ಮಾತ್ರ ನೆನಪಿತ್ತು.

ಹಾವಿನ ಬದಲು 12 ಅಡಿ ಹಗ್ಗ ತನ್ನಿ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹಿಡಿಸಿ. ಕಾಳಿಂಗ ತನ್ನ ಉದ್ದದ ಮೂರರಲ್ಲಿ ಒಂದು ಭಾಗದಷ್ಟು ಎದ್ದು ನಿಲ್ಲಬಲ್ಲದು, ಅಂದರೆ ಇಷ್ಟುದ್ದದ್ದು 4 ಅಡಿ, ಅಂತ ಹಗ್ಗದ ತುದಿಯನ್ನು ಒಬ್ಬ ಹುಡುಗಿಯ ಎದೆವರೆಗೆ ಎತ್ತಿ ತೋರಿಸಿ. ಜಗಲಿ ಪೂರ್ತಿ ಮೌನವಾಗುತ್ತದೆ ನೋಡಿ.

ಕಾಡಂಚಿನವಳು:
ಮೇಷ್ಟ್ರ ಹಗ್ಗ ನನಗೆ ತುಂಬಾ ಹಿಡಿಸಿತು. ನಾನಾದರೆ ಗೂಡಿನಿಂದ ಶುರು ಮಾಡುತ್ತಿದ್ದೆ. ಎಲೆ ಗುಡ್ಡೆ ಹಾಕಿ ಗೂಡು ಕಟ್ಟುವ ಹಾವು ಅಂದರೆ ಕಾಳಿಂಗವೇ. ಕೈ ಇಲ್ಲ, ಕಾಲಿಲ್ಲ, ಆದರೂ ಹೆಣ್ಣು ಹಾವು ಮೈಯನ್ನೇ ಬಳೆಯ ಹಾಗೆ ಸುತ್ತಿ ಒಣಗಿದ ಎಲೆಗಳನ್ನು, ನಮ್ಮಲ್ಲಾದರೆ ಬಿದಿರಿನ ತರಗು ಜಾಸ್ತಿ, ಎಳೆದು ಎಳೆದು ಒಟ್ಟು ಮಾಡುತ್ತದೆ. ಒಳಗೆ 20, 30 ಮೊಟ್ಟೆ, ಕೆಲವೊಮ್ಮೆ ಇನ್ನೂ ಹೆಚ್ಚು. ಎಲೆ ಕೊಳೆಯುವಾಗ ಹುಟ್ಟುವ ಬಿಸಿ ಮೊಟ್ಟೆಗೆ ಕಾವು. ಆಗುಂಬೆಯಂಥ ಕಡೆ ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ ಹೊಯ್ಯುತ್ತದೆ, ಅದರ ನಡುವೆಯೂ ಆ ಗುಡ್ಡೆಯೊಳಗೆ ಮೊಟ್ಟೆ ಉಳಿಯುತ್ತವೆ ಅಂದರೆ ಎಂಥ ಕಸುಬು ಅಲ್ವಾ! ತಾಯಿ ವಾರಗಟ್ಟಲೆ ಗೂಡು ಕಾಯುತ್ತದೆ, ಮರಿ ಹೊರಬರುವ ಸಮಯ ಹತ್ತಿರವಾದಾಗ ಬಿಟ್ಟು ಹೊರಟುಹೋಗುತ್ತದೆ. ನಿಮ್ಮೂರಿನ ಹೆಂಗಸರು ತೋಟಕ್ಕೆ ದರಗು ಗುಡಿಸಿ ತರುವವರು. ಎಲೆ ಗುಡ್ಡೆ ಅಂದರೆ ಏನು, ಅದರೊಳಗೆ ಕೈ ಹಾಕಿದರೆ ಎಷ್ಟು ಬೆಚ್ಚಗಿರುತ್ತದೆ ಅನ್ನುವುದು ಅವರಿಗೆ ಗೊತ್ತು. ಅವರಿಂದಲೇ ಅದನ್ನು ಹೇಳಿಸಿ, ಆಮೇಲೆ ಹಾವಿನ ಗೂಡಿಗೆ ಬನ್ನಿ.

ಹೆಸರಿನ ಕಥೆಯನ್ನು ಬಿಡಬೇಡಿ. 1836ರಲ್ಲಿ ಇದನ್ನು ಮೊದಲು ವಿವರಿಸಿದ ಮೇಲೆ ಬಹಳ ಕಾಲ ಏಷ್ಯಾದ ಕಾಳಿಂಗಗಳೆಲ್ಲ ಒಂದೇ ಜಾತಿ ಅಂತ ಲೆಕ್ಕ. 2024ರಲ್ಲಿ ಪಿ. ಗೌರಿ ಶಂಕರ್ ಮತ್ತು ಜೊತೆಗಾರರು ಅವು ನಾಲ್ಕು ಜಾತಿ ಅಂತ ತೋರಿಸಿದರು. ನಮ್ಮ ಪಶ್ಚಿಮ ಘಟ್ಟದ್ದು ಬೇರೆಯೇ, ಅದರ ಹೆಸರು ಓಫಿಯೋಫಾಗಸ್ ಕಾಳಿಂಗ. ನಿಮ್ಮ ಅಜ್ಜಿ ಕರೆಯುತ್ತಿದ್ದ ಹೆಸರೇ ಈಗ ಜಗತ್ತಿನ ವಿಜ್ಞಾನದ ಹೆಸರು. ಓಫಿಯೋಫಾಗಸ್ ಅಂದರೆ ಹಾವು ತಿನ್ನುವುದು. ಮನೆ ಹತ್ತಿರ ಬಂದರೆ ಸಾಮಾನ್ಯವಾಗಿ ಕೇರೆ ಹಾವಿನ ಬೆನ್ನು ಹತ್ತಿ ಬಂದಿರುತ್ತದೆ, ಇಲ್ಲವೇ ಬೇಸಿಗೆಯಲ್ಲಿ ಗಂಡು ಹೆಣ್ಣನ್ನು ಹುಡುಕಿಕೊಂಡು.

ಇನ್ನೊಂದು. ಹಿಡಿದು ದೂರದ ಕಾಡಿಗೆ ಬಿಟ್ಟರೆ ಒಳ್ಳೆಯದು ಅಂತ ಎಲ್ಲರೂ ತಿಳಿದಿದ್ದಾರೆ. ಆಗುಂಬೆಯಲ್ಲಿ ರೋಮುಲಸ್ ವಿಟೇಕರ್ 2005ರಲ್ಲಿ ಶುರು ಮಾಡಿದ ಸಂಶೋಧನಾ ಕೇಂದ್ರದವರು ಕಾಳಿಂಗಗಳ ಮೈಯೊಳಗೆ ಪುಟ್ಟ ರೇಡಿಯೋ ಟ್ರಾನ್ಸ್‌ಮಿಟರ್ ಇಟ್ಟು ಹಿಂಬಾಲಿಸಿದರು. ದೂರ ಬಿಟ್ಟ ಹಾವು ಅಲ್ಲಿ ನೆಲೆ ನಿಲ್ಲದೆ ತುಂಬಾ ಅಲೆದಾಡಿತು. ಅದರ ದಾರಿಗೆ ಅದನ್ನು ಬಿಟ್ಟು ಸ್ವಲ್ಪ ಹೊತ್ತು ಕಾಯುವುದೇ ಎಷ್ಟೋ ಸಲ ಮೇಲು.

ನರ್ಸಕ್ಕ:
ಕಾಳಿಂಗದ ಕಥೆ ಎಲ್ಲಾ ಚಂದ. ಆದರೆ ಕೊನೆಗೆ ಹದಿನೈದು ನಿಮಿಷ ಕಡಿತಕ್ಕೆ ಇಡಿ, ದಯವಿಟ್ಟು. ಕಾಳಿಂಗ ಕಚ್ಚುವುದು ಬಹಳ ಅಪರೂಪ. ನಮ್ಮಲ್ಲಿ ಜೀವ ಹೋಗುವುದು ಹೆಚ್ಚಾಗಿ ನಾಗರ, ಕೊಳಕುಮಂಡಲ, ಕಟ್ಟುಹಾವು, ಗರಗಸ ಮಂಡಲದಿಂದ. ಆಸ್ಪತ್ರೆಯಲ್ಲಿ ಸಿಗುವ ವಿಷನಿರೋಧಕ ತಯಾರಾಗುವುದೂ ಈ ನಾಲ್ಕರ ವಿಷಕ್ಕೇ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ, ನೋವೇ ಇರುವುದಿಲ್ಲ, ಬೆಳಗ್ಗೆ ರೆಪ್ಪೆ ಎತ್ತಲಾಗದೆ ಹೊಟ್ಟೆನೋವು ಅಂತ ಬರುತ್ತಾರೆ. ಸೊಳ್ಳೆಪರದೆಯ ಅಂಚನ್ನು ಹಾಸಿಗೆ ಕೆಳಗೆ ಸಿಕ್ಕಿಸಿ ಮಲಗಿದರೆ ಅದೂ ತಪ್ಪುತ್ತದೆ. ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಚೀಪಬೇಡಿ, ಉಂಗುರ ಬಳೆ ತೆಗೆಯಿರಿ, ಕಚ್ಚಿದ ಕೈಕಾಲು ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ. ಇಷ್ಟನ್ನೇ ಎರಡು ಸಲ ಹೇಳಿ. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ತಿಳಿಸಲೇಬೇಕು, ಅದನ್ನೂ ಹೇಳಿ.

ಅಡಿಕೆತೋಟ:
ಮೂವರಿಗೂ ತುಂಬಾ ಥ್ಯಾಂಕ್ಸ್. ಹಾವು ಬೇಡ ಅಂತ ಹುಡುಗರಿಗೆ ಇವತ್ತೇ ಹೇಳಿದೆ, ಹಗ್ಗ ಕೊಟ್ಟಿಗೆಯಲ್ಲೇ ಇದೆ. ನಮ್ಮ ಪಕ್ಕದ ಮನೆಯ ಅಜ್ಜಿ ದರಗಿಗೆ ಹೋದಾಗ ಕಾಳಿಂಗದ ಗೂಡು ನೋಡಿದವರು, ಬಿಟ್ಟು ಹಿಂದಕ್ಕೆ ಬಂದವರು. ಮೊದಲ ಹತ್ತು ನಿಮಿಷ ಅವರೇ ಮಾತಾಡುತ್ತಾರೆ, ಒಪ್ಪಿದ್ದಾರೆ. ಸಂಜೆ ಆರಕ್ಕೆ ಇದ್ದದ್ದನ್ನು ನಾಲ್ಕಕ್ಕೆ ತಂದಿದ್ದೇವೆ, ಬೆಳಕಿರುವಾಗಲೇ ಎಲ್ಲರೂ ಮನೆ ಸೇರಲಿ ಅಂತ. ಆದರೂ ಟಾರ್ಚ್ ತನ್ನಿ ಅಂತ ಬೋರ್ಡಿನಲ್ಲಿ ಬರೆಯುತ್ತೇನೆ.