ಬೆಂಗಳೂರಿನ ಬಾಲ್ಕನಿಯಲ್ಲಿ ಪೇಗನ್ ಹಬ್ಬಗಳು: ಅಲ್ಲಿನ ತಾರೀಖೋ, ಇಲ್ಲಿನ ಕಾಲವೋ?

ಬಸಳೆಬಳ್ಳಿ:
ಎಲ್ಲರಿಗೂ ನಮಸ್ಕಾರ. ಐರ್ಲೆಂಡಿನಲ್ಲಿ ಕೆಲವು ವರ್ಷ ಇದ್ದಾಗ ಗೆಳತಿಯರ ಜೊತೆ ಪೇಗನ್ ಹಬ್ಬಗಳನ್ನು, ಅಂದರೆ ಯುರೋಪಿನ ಹಳೆಯ ಪ್ರಕೃತಿ ಪೂಜೆಯ ಜಾಡಿನ ಹಬ್ಬಗಳನ್ನು ಮಾಡುತ್ತಿದ್ದೆ, ವರ್ಷಕ್ಕೆ ಎಂಟು. ಒಂದೊಂದಕ್ಕೂ ತೋಟದಲ್ಲಿ ಒಂದು ಕೆಲಸ, ಪುಸ್ತಕದಲ್ಲಿ ಒಂದು ಚಿತ್ರ. ಈಗ ವಿಜಯನಗರದಲ್ಲಿ ಮನೆ. ಬಾಲ್ಕನಿಯಲ್ಲಿ ಒಂದಿಷ್ಟು ಕುಂಡಗಳಿವೆ. ಹಬ್ಬ ಬಿಡೋಕೆ ಮನಸ್ಸಿಲ್ಲ. ಆದರೆ ಫೆಬ್ರವರಿ 1ರ ಇಂಬೋಲ್ಕ್ ಅಂದರೆ ಅಲ್ಲಿ ಕುರಿಗಳು ಮರಿ ಹಾಕುವ ಕಾಲ, ಚಳಿ ಇನ್ನೂ ಬಿಟ್ಟಿರೋದಿಲ್ಲ. ಇಲ್ಲಿ ಆಗಲೇ ಬಿಸಿಲು ಏರೋಕೆ ಶುರು. ಅಕ್ಟೋಬರ್ 31ಕ್ಕೆ ಸೌವಿನ್, ಅಲ್ಲಿ ಎಲ್ಲ ಬಾಡುವ ಹೊತ್ತು, ಇಲ್ಲಿ ಮಳೆ ಕುಡಿದು ಎಲ್ಲ ಹಸಿರಾಗಿರುತ್ತದೆ. ತಾರೀಖು ಹಾಗೇ ಇಟ್ಟುಕೊಳ್ಳಲಾ ಅಥವಾ ಇಲ್ಲಿನ ಕಾಲಕ್ಕೆ ಹೊಂದಿಸಲಾ? ಹೀಗೆ ಮಾಡುವವರು ಯಾರಾದರೂ ಇದ್ದೀರಾ?

ಅವರೆಚಪ್ಪರ:
ತಾರೀಖನ್ನು ಗಿಡಕ್ಕೆ ಬಿಡಿ. ಬೆಂಗಳೂರಿನಲ್ಲಿ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಅಷ್ಟೇ. ಲಂಡನ್ನಿನಲ್ಲಿ ಡಿಸೆಂಬರ್ ಹಗಲು 8 ಗಂಟೆಗೂ ಕಮ್ಮಿ, ಜೂನ್ ಹಗಲು 16 ಗಂಟೆಗೂ ಜಾಸ್ತಿ. ಅದಕ್ಕೇ ಇಲ್ಲಿ ಯೂಲ್, ಅಂದರೆ ಡಿಸೆಂಬರಿನ ಅತಿ ಚಿಕ್ಕ ಹಗಲಿನ ಹಬ್ಬ, ಬಂದರೂ ನಮಗೆ ಗೊತ್ತಾಗೋದಿಲ್ಲ. ಆದರೆ ಅವರೆಗೆ ಗೊತ್ತಾಗುತ್ತದೆ! ನಾಟಿ ಅವರೆ ಬೀಜವನ್ನು ಆಷಾಢದಲ್ಲಿ ಹಾಕಿ. ಮಳೆಗಾಲ ಪೂರ್ತಿ ಬರೀ ಬಳ್ಳಿ, ಎಲೆ. ರಾತ್ರಿ ಉದ್ದವಾಗುತ್ತಾ ಬಂದಾಗ ಹೂವು ಬಿಡುತ್ತದೆ, ಯೂಲ್ ಹೊತ್ತಿಗೆ ಕಾಯಿ. ಆ ಸೊಗಡು ಕೈಗೆ ಅಂಟಿ, ಸೋಪು ಹಾಕಿದರೂ ಹೋಗೋದಿಲ್ಲ. ಅದಕ್ಕಿಂತ ಒಳ್ಳೆಯ ಯೂಲ್ ನನಗೆ ಗೊತ್ತಿಲ್ಲ. ಒಂದು ಮಾತು, ಹೆಬ್ಬಾಳ ಅವರೆ ತಳಿಗಳು ಬೇಡ, ಅವು ಹಗಲು ರಾತ್ರಿ ಲೆಕ್ಕ ಇಡದೆ ಯಾವಾಗ ಬೇಕಾದರೂ ಹೂವು ಬಿಡುತ್ತವೆ. ಸಂತೆಯಲ್ಲಿ ನಾಟಿ ಬೀಜ ಅಂತಲೇ ಕೇಳಿ ತಗೊಳ್ಳಿ. ದೊಡ್ಡ ಗ್ರೋ ಬ್ಯಾಗ್, ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ, ಹಬ್ಬೋಕೆ ಹಗ್ಗ. ಹೇನು ಬಂದರೆ ಬೇವಿನೆಣ್ಣೆ ಸಾಕು.

ನೆರಳಿಲ್ಲದದಿನ:
ಬದಲಾಯಿಸೋದು ತಪ್ಪಲ್ಲ. ಈ ಎಂಟು ಹಬ್ಬದ ಚಕ್ರ ಒಟ್ಟಾಗಿ ಬಂದಿದ್ದೇ 1950ರ ದಶಕದಲ್ಲಿ, ಬ್ರಿಟನ್ನಿನಲ್ಲಿ. ಸೌವಿನ್, ಇಂಬೋಲ್ಕ್, ಬೆಲ್ಟೇನ್, ಲೂನಸಾ ಈ ನಾಲ್ಕೂ ಐರ್ಲೆಂಡಿನ ಹಳೆಯ ಹಬ್ಬಗಳು, ಉಳಿದ ನಾಲ್ಕು ಸೂರ್ಯನ ದಿನಗಳು, ಅಂದರೆ ಅತಿ ದೊಡ್ಡ ಹಗಲು, ಅತಿ ಚಿಕ್ಕ ಹಗಲು, ಹಗಲು ರಾತ್ರಿ ಸಮ ಇರುವ ಎರಡು ದಿನ. ಆಸ್ಟ್ರೇಲಿಯಾದ ಪೇಗನ್ನರಲ್ಲಿ ಬಹಳ ಜನ ಚಕ್ರವನ್ನೇ ಆರು ತಿಂಗಳು ತಿರುಗಿಸಿಕೊಂಡಿದ್ದಾರೆ.

ನಾನು ಸೂರ್ಯನ ನಾಲ್ಕನ್ನು ಮುಟ್ಟಿಲ್ಲ. ಅದರ ಜೊತೆಗೆ ನಮ್ಮೂರಿಗೆ ಇರುವ, ಐರ್ಲೆಂಡಿಗೆ ಎಂದೂ ಸಿಗದ ಎರಡು ದಿನ ಸೇರಿಸಿಕೊಂಡಿದ್ದೇನೆ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಮಧ್ಯಾಹ್ನ ಸೂರ್ಯ ನೆತ್ತಿ ಮೇಲೆ ನೆಟ್ಟಗೆ ಬರುತ್ತಾನೆ. ತಾರಸಿಯಲ್ಲಿ ಒಂದು ಲೋಟ ಬೋರಲು ಹಾಕಿ ನೋಡಿ, 12 ದಾಟಿದ ಮೇಲೆ ನೆರಳು ಸರಿಯುತ್ತಾ ಸರಿಯುತ್ತಾ ಲೋಟದ ಅಡಿಗೇ ಹೋಗಿಬಿಡುತ್ತದೆ. ಮಕ್ಕಳು ಸೀಮೆಸುಣ್ಣದಲ್ಲಿ ಆ ನೆರಳಿನ ಅಂಚನ್ನು ಗುರುತು ಮಾಡುತ್ತಾ ಹೋಗುತ್ತಾರೆ, ನೀವು ಕೇಳಿದ ಚಿತ್ರ ಅಲ್ಲೇ ಸಿಕ್ಕಿತು ನೋಡಿ. ಇನ್ನು ಬೆಲ್ಟೇನ್ ಮೇ 1, ಅಲ್ಲಿ ಬೆಂಕಿ ಹಾಕುವ ಹಬ್ಬ, ಅದು ಸರಿಯಾಗಿ ಭರಣಿ ಮಳೆಯೊಳಗೆ ಬೀಳುತ್ತದೆ. "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಅಂತಾರಲ್ಲ, ಬೆಂಕಿ ಬದಲು ಆ ಮೊದಲ ಮಳೆಯಲ್ಲೇ ಬೀಜ ಊರಿ. ಅಪಾರ್ಟ್‌ಮೆಂಟ್ ತಾರಸಿ ಮೇಲೆ ಬೆಂಕಿ ಹಾಕೋಕೆ ಹೇಗಿದ್ದರೂ ಯಾರೂ ಬಿಡೋದಿಲ್ಲ.

ಎರೆಮಣ್ಣು:
ಒಂದು ವಿಷಯದಲ್ಲಿ ನನ್ನ ತಕರಾರಿದೆ. ಹೊಂದಿಸಿಕೊಳ್ಳಿ, ಆದರೆ ಯುಗಾದಿಗೆ ಒಸ್ತಾರಾ (ಮಾರ್ಚಿನ ಸಮ ಹಗಲಿನ ಹಬ್ಬ), ಮಹಾಲಯ ಅಮಾವಾಸ್ಯೆಗೆ ಸೌವಿನ್ ಅಂತ ಹೆಸರು ಹಚ್ಚಬೇಡಿ. ಹಿರಿಯರನ್ನು ನೆನೆಯೋದು ಎರಡರಲ್ಲೂ ಇದೆ, ನಿಜ. ಆದರೂ ಎರಡಕ್ಕೂ ಅದರದರದೇ ಜನ, ಅದರದರದೇ ಊಟ ಇದೆ. ಕರಗವನ್ನೇ ನೋಡಿ. ಚೈತ್ರ ಹುಣ್ಣಿಮೆ ರಾತ್ರಿ ಧರ್ಮರಾಯನ ಗುಡಿಯಿಂದ ಅದನ್ನು ಹೊರಡಿಸುವ ತಿಗಳರು ತಲೆತಲಾಂತರದಿಂದ ಈ ಊರಿನ ತೋಟದ ಜನ. ನಮ್ಮ ಬಾಲ್ಕನಿ ಹಬ್ಬಕ್ಕೆ ಅದನ್ನು ಎಳೆದುಕೊಳ್ಳೋದು ಸರಿಯಲ್ಲ, ಹೋಗಿ ಮಲ್ಲಿಗೆ ಘಮದ ನಡುವೆ ನಿಂತು ನೋಡಿ ಬನ್ನಿ. ಆಗಸ್ಟ್ 1ರ ಲೂನಸಾ ಅಲ್ಲಿ ಮೊದಲ ಕೊಯ್ಲು, ಹೊಸ ಹಿಟ್ಟಿನ ರೊಟ್ಟಿ. ಇಲ್ಲಿ ಆಗಿನ್ನೂ ರಾಗಿ ಬಿತ್ತನೆ ನಡೆದಿರುತ್ತದೆ. ಅದನ್ನು ಬಿತ್ತನೆ ಹಬ್ಬವಾಗಿಯೇ ಮಾಡಿ, ಕೊಯ್ಲಿಗೆ ಸುಗ್ಗಿ ಇದೆಯಲ್ಲ.

ಕೈಕೆಲಸ ಬೇಕಿದ್ದರೆ ನಮ್ಮ ಧಾರವಾಡದ ಕಡೆ ಜೂನ್ ಹೊತ್ತಿಗೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಎರೆಮಣ್ಣು ನಾದಿ ಜೋಡೆತ್ತು ಮಾಡುತ್ತೇವೆ. ಕೋಡು ಬೇಗ ಮುರಿಯುತ್ತದೆ, ಒಳಗೆ ಕಡ್ಡಿ ಇಟ್ಟು ಮಣ್ಣು ಮೆತ್ತಬೇಕು. ಕಣ್ಣಿಗೆ ಜೋಳದ ಕಾಳು. ಇದನ್ನು ಮಾತ್ರ ಯಾರು ಬೇಕಾದರೂ ಮಾಡಬಹುದು, ಮಣ್ಣು ಸಿಗಲಿಲ್ಲ ಅಂದರೆ ನಾನೇ ಕೊಡುತ್ತೇನೆ.

ಹೊಂಗೆನೆರಳು:
ಚಿತ್ರಕ್ಕೆ ಒಂದೇ ಮರ ಹಿಡಿಯಿರಿ, ವರ್ಷವಿಡೀ ಅದನ್ನೇ ಬರೆಯಿರಿ. ನನ್ನದು ಬೀದಿ ತುದಿಯ ಹೊಂಗೆ. ಯುಗಾದಿಗೆ ಮುಂಚೆ ಬೋಳು, ಆಮೇಲೆ ಎಣ್ಣೆ ಸವರಿದಂಥ ಎಳೆ ಎಲೆ, ಆಮೇಲೆ ಕೆಳಗೆಲ್ಲ ಹೂವಿನ ಹಾಸು. ಒಂದೇ ಮರ ಸಾಲದು ಅನ್ನಿಸಿದರೆ ಇಡೀ ಬೆಂಗಳೂರೇ ಇದೆ. ಒಂದಾದ ಮೇಲೊಂದು ಮರ ಹೂ ಬಿಡುವ ಹಾಗೆ ಬೀದಿಗಳಲ್ಲಿ ಗಿಡ ನೆಡಿಸಿದ್ದು ಲಾಲ್‌ಬಾಗಿನ ಕ್ರುಂಬಿಗಲ್, 1908ರಲ್ಲಿ ಇಲ್ಲಿಗೆ ಬಂದ ಜರ್ಮನಿಯ ತೋಟಗಾರ.

ಬಸಳೆಬಳ್ಳಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರೆಮಣ್ಣು ಅವರು ಹೇಳಿದ್ದು ಸರಿ, ಹೆಸರುಗಳನ್ನು ಬೆರೆಸೋದಿಲ್ಲ. ಅವರೆ ಖಂಡಿತ ಹಾಕುತ್ತೇನೆ. ಆದರೆ ನಮ್ಮ ಬಾಲ್ಕನಿ ಎದುರೇ ಬೀದಿ ದೀಪ ಇದೆ, ರಾತ್ರಿಯೆಲ್ಲ ಬೆಳಕು. ತೊಂದರೆ ಆಗುತ್ತಾ?

ಅವರೆಚಪ್ಪರ:
ಆಗುತ್ತೆ. ಅದಕ್ಕೆ ಬೇಕಾಗಿರೋದೇ ಉದ್ದನೆಯ ಕತ್ತಲೆ. ಊರಾಚೆ ಸೇವಂತಿಗೆ ಹೊಲಗಳಲ್ಲಿ ರಾತ್ರಿ ಬಲ್ಬು ಉರಿಸೋದು ನೋಡಿದ್ದೀರಲ್ಲ, ಹೂವನ್ನು ತಡ ಮಾಡಿಸೋಕೇ ಹಾಗೆ ಮಾಡುತ್ತಾರೆ. ತಾರಸಿಯಲ್ಲಿ ನೀರಿನ ಟ್ಯಾಂಕಿನ ಹಿಂದೆ ದೀಪ ಬೀಳದ, ಆದರೆ ಹಗಲು ಒಳ್ಳೆ ಬಿಸಿಲಿರುವ ಜಾಗ ನೋಡಿ ಅಲ್ಲಿ ಬ್ಯಾಗ್ ಇಡಿ. ಬಾಲ್ಕನಿಗೆ ಬಸಳೆಯೇ ಇರಲಿ.