ಚೆಕ್ ಕೊಟ್ಟ ಮೇಲೆ ಸ್ವಲ್ಪ ಹಣ ಬಂತು, ಆಮೇಲೆ ಚೆಕ್ ಬೌನ್ಸ್ ಆಯಿತು: ನೋಟಿಸ್ ಎಷ್ಟು ಮೊತ್ತಕ್ಕೆ?

ಸಣ್ಣಘಟಕ:

ನಮ್ಮದು ಪ್ರೊಪ್ರೈಟರ್‌ಶಿಪ್ ಉತ್ಪಾದನಾ ಘಟಕ, ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಇದೆ. ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಏಪ್ರಿಲ್ 12ರ ಬಿಲ್ಲಿನಲ್ಲಿ 2,36,000 ರೂ. ಮಾಲು ಹೋಗಿದೆ. ಮಾಲು ಇಳಿಸಿದ ದಿನವೇ ಜೂನ್ 5ರ ತಾರೀಕು ಹಾಕಿ ಪೂರ್ತಿ ಮೊತ್ತಕ್ಕೆ ಚೆಕ್ ಕೊಟ್ಟಿದ್ದಾರೆ. ಸಹಿ ಒಬ್ಬ ಡೈರೆಕ್ಟರದು. ಮೇ 28ಕ್ಕೆ ಅವರ ಖಾತೆಯಿಂದ 40,000 ರೂ. ನೆಫ್ಟ್ ಬಂತು. ಜೂನ್ 5ಕ್ಕೆ ಚೆಕ್ ಬ್ಯಾಂಕಿಗೆ ಹಾಕಿದೆವು, ‘ಫಂಡ್ಸ್ ಇನ್‌ಸಫಿಶಿಯೆಂಟ್’ ಎಂದು ವಾಪಸಾಯಿತು. ಚೆಕ್ ವಾಪಸಾದ ಬಗ್ಗೆ ಬ್ಯಾಂಕಿನ ಮೆಮೊ ಕೈಗೆ ಸಿಕ್ಕಿದ್ದು ಜೂನ್ 9ಕ್ಕೆ. ಇವತ್ತು 20. ‘ಜುಲೈ 5 ಆದ ಮೇಲೆ ಇನ್ನೊಂದು ಸಲ ಹಾಕಿ’ ಎಂದು ವಾಟ್ಸಾಪ್ ಮಾಡಿದ್ದಾರೆ.

ಕೇಳಬೇಕಾಗಿದ್ದು: ಈಗಲೇ ನೋಟಿಸ್ ಕೊಡಬೇಕೋ, ಮತ್ತೆ ಹಾಕಬೇಕೋ? ನೋಟಿಸ್‌ನಲ್ಲಿ ಬರೆಯಬೇಕಾದದ್ದು 2,36,000ವೋ 1,96,000ವೋ? ಯಾರ ಹೆಸರಿಗೆ? ಪೊಲೀಸ್ ಠಾಣೆಗೆ ದೂರು ಕೊಟ್ಟರೆ ಬೇಗ ಆಗುತ್ತದೆಯೇ?

ಗಡುವು:

ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಚೆಕ್ ಬೌನ್ಸ್ ಪ್ರಕರಣಕ್ಕೆ ಠಾಣೆಯ ದಾರಿ ಇಲ್ಲ. ಎನ್.ಐ. ಆಕ್ಟ್ (ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟ್) 1881ರ ಸೆಕ್ಷನ್ 138ರಡಿ ಚೆಕ್ ಪಡೆದವರು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ನೇರವಾಗಿ ಲಿಖಿತ ದೂರು ಕೊಡಬೇಕು. ಠಾಣೆಗೆ ಅಲೆಯುತ್ತಾ ಕುಳಿತರೆ ಇತ್ತ ನೋಟಿಸ್‌ನ ದಿನಗಳು ಕಳೆದುಹೋಗುತ್ತವೆ.

ನಿಮ್ಮ ತಾರೀಕುಗಳಿಗೆ ಲೆಕ್ಕ ಹೀಗೆ. ಚೆಕ್ ವಾಪಸಾದ ವಿಷಯ ತಿಳಿದ ದಿನವನ್ನು ಬಿಟ್ಟು 30 ದಿನದೊಳಗೆ ನೋಟಿಸ್ ಹೊರಡಬೇಕು. ಜೂನ್ 9 ಬಿಟ್ಟರೆ ಕೊನೆಯ ದಿನ ಜುಲೈ 9. ನೋಟಿಸ್ ಅವರಿಗೆ ತಲುಪಿದ ದಿನವನ್ನು ಬಿಟ್ಟು 15 ದಿನ ಅವರಿಗೆ ಸಮಯ. ಜೂನ್ 23ಕ್ಕೆ ತಲುಪಿದರೆ ಜುಲೈ 8ಕ್ಕೆ ಆ ಸಮಯ ಮುಗಿಯುತ್ತದೆ. ಹಣ ಬಾರದಿದ್ದರೆ ಜುಲೈ 9ಕ್ಕೆ ದೂರು ಹೂಡುವ ಹಕ್ಕು ಹುಟ್ಟುತ್ತದೆ, ಅಲ್ಲಿಂದ ಒಂದು ತಿಂಗಳು, ಅಂದರೆ ಆಗಸ್ಟ್ 9ರೊಳಗೆ ದೂರು ದಾಖಲಾಗಬೇಕು. ಈ ‘ಒಂದು ತಿಂಗಳು’ ಕ್ಯಾಲೆಂಡರ್ ತಿಂಗಳು, 30 ದಿನ ಅಲ್ಲ. ದೂರು ತಡವಾದರೆ ಸರಿಯಾದ ಕಾರಣ ತೋರಿಸಿ ಮನ್ನಾ ಕೇಳಬಹುದು. ನೋಟಿಸ್‌ನ 30 ದಿನಕ್ಕೆ ಆ ಮನ್ನಾ ಇಲ್ಲ.

ಅವಸರಪಟ್ಟರೂ ಕೆಲಸ ಕೆಡುತ್ತದೆ. 15 ದಿನ ಮುಗಿಯುವ ಮೊದಲೇ ಹಾಕಿದ ದೂರು ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ಹೊಸದಾಗಿ ಹಾಕಬೇಕಾಗುತ್ತದೆ.

ಮತ್ತೆ ಹಾಕುವುದು ತಪ್ಪಲ್ಲ. ಚೆಕ್ ತಾರೀಕಿನಿಂದ ಮೂರು ತಿಂಗಳೊಳಗೆ ಎಷ್ಟು ಸಲ ಬೇಕಾದರೂ ಹಾಕಬಹುದು, ಕೊನೆಯ ಮೆಮೊ ಮೇಲೂ ಕೇಸು ನಡೆಯುತ್ತದೆ ಎಂದು 2012ರಲ್ಲೇ ತೀರ್ಮಾನವಾಗಿದೆ. ಆದರೆ ಬರೀ ಒಂದು ವಾಟ್ಸಾಪ್ ಮಾತನ್ನು ನಂಬಿ ಮೊದಲ ಮೆಮೊದ ಗಡುವನ್ನು ಕೈಬಿಡುವುದು ಬೇಡ. 2,36,000ಕ್ಕೆ ನೋಟಿಸ್ ಕಳಿಸಿ.

ಜಮಾಖರ್ಚು:

ಗಡುವು ಅವರು ಹಾಕಿದ ದಿನಗಳ ಲೆಕ್ಕ ಸರಿಯಾಗಿದೆ. ಮೊತ್ತದ ವಿಷಯದಲ್ಲಿ ಮಾತ್ರ ದಯವಿಟ್ಟು ನಿಲ್ಲಿ, ಈ ಪ್ರಕರಣದ ಅಸಲಿ ತೊಡಕು ಅಲ್ಲೇ ಇದೆ.

40,000 ಬಂದದ್ದು ಯಾವಾಗ? ಚೆಕ್ ಕೊಟ್ಟ ನಂತರ, ಅದನ್ನು ಬ್ಯಾಂಕಿಗೆ ಹಾಕುವ ಮೊದಲು. ಹೀಗೆ ಸ್ವಲ್ಪ ಹಣ ತೀರಿದ ಮೇಲೂ ಪೂರ್ತಿ ಮೊತ್ತದ ಚೆಕ್ಕನ್ನೇ ಹಾಕಿದರೆ, ಅದು ಬೌನ್ಸ್ ಆದರೂ 138ರ ಅಪರಾಧ ಆಗುವುದಿಲ್ಲ. ದಶರಥಭಾಯಿ ಪಟೇಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದ್ದು ಇದನ್ನೇ. ಚೆಕ್ ನಗದಾಗಬೇಕಾದ ದಿನ ಅದರಲ್ಲಿರುವಷ್ಟು ಸಾಲ ನಿಜಕ್ಕೂ ಬಾಕಿ ಇರಬೇಕು. ಸೆಕ್ಷನ್ 56ರ ಪ್ರಕಾರ, ಬಂದಷ್ಟು ಹಣವನ್ನು ಚೆಕ್ ಮೇಲೆಯೇ ನಮೂದಿಸಿ ಉಳಿದದ್ದಕ್ಕೆ ಹಾಕಬೇಕು. ಇದನ್ನು ಹೇಳುವುದು ಸುಲಭ, ಬ್ಯಾಂಕಿನಲ್ಲಿ ಮಾಡುವುದು ಕಷ್ಟ. ಈಗ ಕ್ಲಿಯರಿಂಗ್‌ಗೆ ಹೋಗುವುದು ಚೆಕ್ಕಿನ ಚಿತ್ರ. ಬರೆದ ಮೊತ್ತಕ್ಕಿಂತ ಕಡಿಮೆ ಕೇಳುವ ಚೆಕ್ಕಿಗೆ ಕೌಂಟರಿನಲ್ಲೇ ತಕರಾರು ಬರುವ ಸಂಭವ ಹೆಚ್ಚು. ಬಾಕಿ ಮೊತ್ತಕ್ಕೆ ಹೊಸ ಚೆಕ್ ಪಡೆಯುವುದೇ ಸರಿಯಾದ ದಾರಿ.

2,36,000ಕ್ಕೆ ನೋಟಿಸ್ ಕೊಟ್ಟರೆ ಎದುರಿನ ವಕೀಲರು ಪಾಟೀ ಸವಾಲಿನಲ್ಲಿ ನೆಫ್ಟ್ ವಿವರ ಮುಂದಿಟ್ಟು, ‘ಚೆಕ್ ಹಾಕಿದ ದಿನ ಬಾಕಿ ಇದ್ದದ್ದು 1,96,000 ಅಲ್ಲವೇ?’ ಎಂದು ಕೇಳುತ್ತಾರೆ. ಹೌದು ಎಂದರೆ ಕೇಸು ಅಲ್ಲಿಗೆ ಮುಗಿಯಿತು. 1,96,000ಕ್ಕೆ ಕೊಟ್ಟರೂ ಉಳಿಯುವುದಿಲ್ಲ. ನೋಟಿಸ್‌ನಲ್ಲಿ ಕೇಳುವ ಮೊತ್ತ ಚೆಕ್ಕಿನ ಮೊತ್ತವೇ ಆಗಿರಬೇಕು, ಬೆರಳಚ್ಚಿನ ತಪ್ಪೂ ಕ್ಷಮೆಗೆ ಬರುವುದಿಲ್ಲ ಎಂದು 2025ರಲ್ಲಿ ಕೋರ್ಟ್ ಇನ್ನಷ್ಟು ಬಿಗಿಯಾಗಿ ಹೇಳಿದೆ.

ಒಂದು ಸಂಗತಿ ಎಲ್ಲವನ್ನೂ ಬದಲಿಸಬಹುದು: ಈ ಕಂಪನಿಯಿಂದ ಏಪ್ರಿಲ್‌ಗಿಂತ ಹಳೆಯ ಬಾಕಿ ಏನಾದರೂ ಇತ್ತೇ?

ಸಣ್ಣಘಟಕ:

ಇದೆ. ಫೆಬ್ರವರಿ ಬಿಲ್ಲಿನದು 58,400 ರೂ. ಪೂರ್ತಿ ಬಾಕಿ, ಅದಕ್ಕೆ ಚೆಕ್ ಕೊಟ್ಟಿಲ್ಲ. ನೆಫ್ಟ್‌ನಲ್ಲಿ ಯಾವ ಬಿಲ್ಲಿಗೆ ಎಂದು ಬರೆದಿಲ್ಲ, ಬರೀ ‘ಪೇಮೆಂಟ್’ ಎಂದಿದೆ.

ಜಮಾಖರ್ಚು:

ಹಾಗಿದ್ದರೆ ದಾರಿ ಇದೆ. ಕಾಂಟ್ರ್ಯಾಕ್ಟ್ ಆಕ್ಟ್ 1872ರ ಸೆಕ್ಷನ್ 59, 60, 61 ಇಂಥ ಸಂದರ್ಭಕ್ಕೇ ಇರುವುದು. ಹಲವು ಬಾಕಿ ಇರುವಾಗ ಸಾಲಗಾರ ‘ಇದು ಈ ಬಿಲ್ಲಿಗೆ’ ಎಂದು ಹೇಳಿ ಕೊಟ್ಟರೆ, ಅಥವಾ ಸಂದರ್ಭವೇ ಹಾಗೆಂದು ತೋರಿಸಿದರೆ, ಅದಕ್ಕೇ ಜಮೆ ಮಾಡಬೇಕು. ಆತ ಏನೂ ಹೇಳದಿದ್ದರೆ ಯಾವ ಬಾಕಿಗೆ ಜಮೆ ಮಾಡಬೇಕೆಂಬ ಆಯ್ಕೆ ಹಣ ಪಡೆದವರದು. ಇಬ್ಬರೂ ಏನೂ ಮಾಡದಿದ್ದರೆ ಹಳೆಯ ಬಾಕಿ ಮೊದಲು ತೀರುತ್ತದೆ. ಹಾಗಾಗಿ 40,000 ಫೆಬ್ರವರಿ ಬಿಲ್ಲಿಗೆ ಹೋದರೆ ಅಲ್ಲಿ 18,400 ಉಳಿಯುತ್ತದೆ, ಏಪ್ರಿಲ್ ಬಿಲ್ಲಿನ 2,36,000 ಹಾಗೇ ಬಾಕಿ ಇರುತ್ತದೆ, ಚೆಕ್ಕೂ ಗಟ್ಟಿಯಾಗಿ ನಿಲ್ಲುತ್ತದೆ.

ಆದರೆ ಮೂರು ಕಡೆ ನೋಡಿಕೊಳ್ಳದೆ ಈ ಮಾತು ನೋಟಿಸ್‌ಗೆ ಬರಬಾರದು.

ಮೊದಲು ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್). ರಸೀದಿ ಎಂಟ್ರಿಯಲ್ಲಿ ಬಿಲ್‌ವಾರು ವಿವರ ತೆರೆದು ನೋಡಿ. ‘ಎಗೇನ್ಸ್ಟ್ ರೆಫ್’ ಎಂದು ಏಪ್ರಿಲ್ ಬಿಲ್ ಸಂಖ್ಯೆ ಆರಿಸಿದ್ದರೆ ಆಯ್ಕೆಯನ್ನು ನಿಮ್ಮ ಕಡೆಯವರೇ ಮಾಡಿಬಿಟ್ಟಿದ್ದಾರೆ ಎಂಬ ವಾದಕ್ಕೆ ಜಾಗ ಕೊಟ್ಟಂತೆ. ‘ಆನ್ ಅಕೌಂಟ್’, ಅಂದರೆ ಯಾವ ಬಿಲ್ಲಿಗೂ ಸೇರಿಸದೆ ಬಿಟ್ಟದ್ದು, ಎಂದಿದ್ದರೆ ಆಯ್ಕೆ ಇನ್ನೂ ಉಳಿದಿದೆ. ಎರಡನೆಯದು, ಮೇ 28ರ ನಂತರ ಅವರಿಗೆ ಪಾರ್ಟಿ ಲೆಡ್ಜರ್ ಅಥವಾ ಬಾಕಿ ಪಟ್ಟಿ ಕಳಿಸಿದ್ದೀರಾ ನೋಡಿ. ಏಪ್ರಿಲ್ ಬಿಲ್ಲಿನಲ್ಲಿ 1,96,000 ಬಾಕಿ ಎಂದು ತೋರಿಸಿ ಕಳಿಸಿದ್ದರೆ ಆಯ್ಕೆಯನ್ನು ಅವರಿಗೆ ತಿಳಿಸಿದಂತಾಯಿತು, ಈಗ ತಿರುಗಿಸಲು ಬರುವುದಿಲ್ಲ. ಮೂರನೆಯದು ಮೇ 28ರ ಆಸುಪಾಸಿನ ವಾಟ್ಸಾಪ್. ‘ಚೆಕ್ಕಿನ ಬಾಬ್ತು 40 ಹಾಕಿದ್ದೇವೆ, ಉಳಿದದ್ದು ಆಮೇಲೆ’ ಎಂಬಂಥ ಒಂದು ಸಾಲು ಅವರಿಂದ ಬಂದಿದ್ದರೂ ಸೆಕ್ಷನ್ 59 ಅವರ ಪರ.

ಹಳೆಯ ತಾರೀಕಿಗೆ ಎಂಟ್ರಿ ತಿದ್ದಬೇಡಿ. ಎಡಿಟ್ ಲಾಗ್ ಇರುವ ಆವೃತ್ತಿಯಲ್ಲಿ ತಿದ್ದಿದ ದಿನ, ಸಮಯ ಎರಡೂ ಉಳಿಯುತ್ತವೆ. ತಿದ್ದಿದ ಲೆಡ್ಜರನ್ನು ಕೋರ್ಟಿಗೆ ಕೊಡುವುದು ಕೇಸು ಸೋಲುವುದಕ್ಕಿಂತ ದೊಡ್ಡ ತೊಂದರೆ ತರುತ್ತದೆ.

ಕೋರ್ಟ್‌ಹಾಲ್:

ಜಮಾಖರ್ಚು ಹೇಳಿದ ಮೂರೂ ಪರೀಕ್ಷೆ ದಾಟಿದರೆ ಮುಂದೆ ನೋಟಿಸ್. ಅದರಲ್ಲಿ ಏನಿರಬೇಕು, ಏನಿರಬಾರದು ಎಂದು ಬರೆಯುತ್ತೇನೆ, ಬಹಳಷ್ಟು ಪ್ರಕರಣಗಳು ಹಾಳಾಗುವುದು ಇಲ್ಲೇ.

ಬಿಲ್ ಸಂಖ್ಯೆ, ತಾರೀಕು, ಮಾಲು ತಲುಪಿದ ದಾಖಲೆ, ಚೆಕ್ ಸಂಖ್ಯೆ, ತಾರೀಕು, ಬ್ಯಾಂಕ್, ಮೊತ್ತ, ಹಾಕಿದ ದಿನ, ವಾಪಸಾದ ಕಾರಣ, ಮೆಮೊ ತಾರೀಕು. ಮೇ 28ರ 40,000ವನ್ನು ಮುಚ್ಚಿಡಬೇಡಿ. ‘ಯಾವ ಬಿಲ್ಲಿಗೆಂದು ಸೂಚಿಸದೆ ಬಂದ ಈ ಹಣವನ್ನು ಫೆಬ್ರವರಿ ಬಿಲ್ಲಿಗೆ ಜಮೆ ಮಾಡಿಕೊಳ್ಳಲಾಗಿದೆ’ ಎಂದು ಒಂದು ವಾಕ್ಯ ಸ್ಪಷ್ಟವಾಗಿರಲಿ. ನೀವೇ ಮೊದಲು ಹೇಳಿದರೆ ಅದು ನಿಮ್ಮ ವಿವರಣೆ. ಅವರು ಎತ್ತಿದ ಮೇಲೆ ಹೇಳಿದರೆ ಕಟ್ಟಿದ ಕತೆಯಂತೆ ಕಾಣುತ್ತದೆ. ಕೊನೆಗೆ ಬೇಡಿಕೆ: ಈ ನೋಟಿಸ್ ತಲುಪಿದ 15 ದಿನದೊಳಗೆ ಚೆಕ್ ಮೊತ್ತ 2,36,000 ರೂ. ಕೊಡಬೇಕು. ಅಂಕಿಯಲ್ಲೂ ಅಕ್ಷರದಲ್ಲೂ ಬರೆದು, ಚೆಕ್ಕನ್ನು ಪಕ್ಕದಲ್ಲಿಟ್ಟುಕೊಂಡು ತಾಳೆ ನೋಡಿ. ಉಳಿದ 18,400, ಬಡ್ಡಿ, ವಕೀಲರ ಫೀಸು ಎಲ್ಲವನ್ನೂ ಕೂಡಿಸಿ ಒಂದೇ ಮೊತ್ತ ಕೇಳಿದರೆ ನೋಟಿಸ್ ಬಿದ್ದುಹೋಗುತ್ತದೆ. ಬೇರೆ ಬೇರೆಯಾಗಿ ತೋರಿಸಿದರೆ ನಡೆಯುತ್ತದೆ ಎಂಬ ತೀರ್ಪು ಇದೆ ನಿಜ, ಆದರೂ 18,400ಕ್ಕೆ ಬೇರೆಯೇ ಪತ್ರ ಬರೆಯಿರಿ ಎನ್ನುತ್ತೇನೆ.

ಯಾರಿಗೆ ಎಂಬುದಕ್ಕೆ: ಚೆಕ್ ಕಂಪನಿಯ ಖಾತೆಯದಾದ್ದರಿಂದ ಕಂಪನಿಯೇ ಮೊದಲ ಆರೋಪಿ. ಕಂಪನಿಯನ್ನು ಬಿಟ್ಟು ಡೈರೆಕ್ಟರ್ ಮೇಲೆ ಮಾತ್ರ ಹಾಕಿದ ದೂರು ನಿಲ್ಲದು (ಅನೀತಾ ಹಾಡಾ ಪ್ರಕರಣ, 2012). ಸಹಿ ಹಾಕಿದ ಡೈರೆಕ್ಟರ್ ಎರಡನೆಯವರು. ಸಹಿ ಹಾಕದ ಡೈರೆಕ್ಟರುಗಳನ್ನು ಸಾಲಾಗಿ ಸೇರಿಸುವ ಆಸೆ ಬೇಡ. ದಿನನಿತ್ಯದ ವ್ಯವಹಾರ ಅವರ ಹೊಣೆಯಲ್ಲಿತ್ತು ಎಂದು ದೂರಿನಲ್ಲಿ ನಿರ್ದಿಷ್ಟವಾಗಿ ಹೇಳಲಾಗದಿದ್ದರೆ ಅವರ ಮಟ್ಟಿಗೆ ಕೇಸು ಹೈಕೋರ್ಟಿನಲ್ಲಿ ರದ್ದಾಗುತ್ತದೆ, ಅಷ್ಟು ಕಾಲ ಉಳಿದವರ ಮೇಲಿನ ವಿಚಾರಣೆಯೂ ಎಳೆಯಬಹುದು. ಕಂಪನಿಯ ನೋಂದಾಯಿತ ವಿಳಾಸ, ಡೈರೆಕ್ಟರುಗಳ ಹೆಸರನ್ನು ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ನೋಡಿ. ಅದರ ಮೇಲೆ ದಿವಾಳಿ ಪ್ರಕ್ರಿಯೆ ಶುರುವಾಗಿದೆಯೇ ಎಂಬುದನ್ನೂ ಆಗಲೇ ಪರೀಕ್ಷಿಸಿ. ಆಗಿದ್ದರೆ ಲೆಕ್ಕಾಚಾರವೇ ಬೇರೆ.

ನೋಟಿಸ್ ಸ್ಪೀಡ್ ಪೋಸ್ಟ್‌ನಲ್ಲಿ ಹೋಗಲಿ, ತಲುಪಿದ್ದಕ್ಕೆ ದಾಖಲೆ ಸಿಗುವ ಸೇವೆಯೊಂದಿಗೆ. ರಿಜಿಸ್ಟರ್ಡ್ ಪೋಸ್ಟನ್ನು ಅಂಚೆ ಇಲಾಖೆ 2025ರಲ್ಲಿ ಸ್ಪೀಡ್ ಪೋಸ್ಟ್‌ನೊಂದಿಗೆ ವಿಲೀನ ಮಾಡಿದೆ. ಟ್ರ್ಯಾಕಿಂಗ್ ಪುಟವನ್ನು ತಲುಪಿದ ವಾರದಲ್ಲೇ ಪ್ರಿಂಟ್ ತೆಗೆದಿಡಿ, ಆಮೇಲೆ ಆ ವಿವರ ಸಿಗದೆ ಹೋಗಬಹುದು. ‘ಬಾಗಿಲು ಹಾಕಿದೆ’, ‘ನಿರಾಕರಿಸಿದರು’ ಎಂಬ ಷರಾದೊಂದಿಗೆ ಲಕೋಟೆ ವಾಪಸು ಬಂದರೆ ಒಡೆಯದೆ ಹಾಗೇ ಇಟ್ಟುಕೊಳ್ಳಿ. ಸರಿಯಾದ ವಿಳಾಸಕ್ಕೆ ಹೋಗಿದ್ದರೆ ಅದು ತಲುಪಿದಂತೆಯೇ.

ದೂರು ಯಾವ ಕೋರ್ಟಿನಲ್ಲಿ? ಚೆಕ್ಕನ್ನು ನಿಮ್ಮ ಖಾತೆಗೆ ಹಾಕಿದ್ದರಿಂದ, ನಿಮ್ಮ ಖಾತೆ ಇರುವ ಬ್ಯಾಂಕ್ ಶಾಖೆ ಯಾವ ಕೋರ್ಟಿನ ವ್ಯಾಪ್ತಿಯಲ್ಲಿದೆಯೋ ಅಲ್ಲಿ. 2015ರ ತಿದ್ದುಪಡಿಯಿಂದ ಹೀಗಾಗಿದೆ, ಅವರ ಊರಿಗೆ ಅಲೆಯಬೇಕಿಲ್ಲ. ಅವರು ತಪ್ಪೊಪ್ಪದೆ ವಿಚಾರಣೆ ಬೇಕೆಂದಾಗ ಸೆಕ್ಷನ್ 143ಎ ಅರ್ಜಿ ಹಾಕಿ. ಚೆಕ್ ಮೊತ್ತದ ಶೇ. 20ರವರೆಗೆ, ನಿಮ್ಮ ಲೆಕ್ಕದಲ್ಲಿ 47,200 ರೂ.ವರೆಗೆ, ಮಧ್ಯಂತರ ಪರಿಹಾರ ಕೊಡಿಸುವ ಅಧಿಕಾರ ಕೋರ್ಟಿಗಿದೆ. ಕೊಡಲೇಬೇಕೆಂದೇನಿಲ್ಲ, ಹಾಗಾಗಿ ಅರ್ಜಿಯಲ್ಲಿ ಕಾರಣಗಳನ್ನು ಬಿಡಿಸಿ ಬರೆಯಿರಿ.

ಗಡುವು:

ಜಮಾಖರ್ಚು ಅವರ ತಿದ್ದುಪಡಿ ಸರಿ. ಮೇ 28ರ ಹಣವನ್ನು ಗಮನಿಸದೆ ಮೊತ್ತ ಹೇಳಿದ್ದು ನನ್ನ ತಪ್ಪು. ಪರೀಕ್ಷೆಯಲ್ಲಿ ಏಪ್ರಿಲ್ ಬಿಲ್ಲಿಗೇ ಜಮೆ ಎಂದು ಬಂದರೆ ಈ ಚೆಕ್ ಹಿಡಿದು 138ಕ್ಕೆ ಹೋಗಬೇಡಿ. 1,96,000ಕ್ಕೆ ಹೊಸ ಚೆಕ್ ಕೇಳಿ, ಜೊತೆಗೆ ಕಂಪನಿಯ ಲೆಟರ್‌ಹೆಡ್‌ನಲ್ಲಿ ‘ಹಳೆಯ ಚೆಕ್ಕಿನ ಬದಲಿಗೆ, ಇಷ್ಟು ಬಾಕಿಗೆ’ ಎಂದು ಸಹಿ ಮಾಡಿಸಿಕೊಳ್ಳಿ. ಆ ಪತ್ರ ಕಾಲಮಿತಿ ಕಾಯ್ದೆಯ (ಲಿಮಿಟೇಶನ್ ಆಕ್ಟ್) ಸೆಕ್ಷನ್ 18ರಡಿ ಸಾಲ ಒಪ್ಪಿಕೊಂಡ ದಾಖಲೆಯೂ ಆಗುತ್ತದೆ. ಸಿವಿಲ್ ದಾವೆಯ ಮೂರು ವರ್ಷ ಆ ದಿನದಿಂದ ಹೊಸದಾಗಿ ಎಣಿಕೆಯಾಗುತ್ತದೆ.

ಕೊಡದಿದ್ದರೆ? ನೀವು ಉದ್ಯಮ್ ನೋಂದಾಯಿತ ಉತ್ಪಾದಕರು, ಇದು ನಿಮ್ಮ ದೊಡ್ಡ ಬಲ. ಸಣ್ಣ ಉದ್ಯಮಗಳಿಗಾಗಿ ಇರುವ ಎಂಎಸ್‌ಎಂಇಡಿ ಕಾಯ್ದೆ 2006ರ ಪ್ರಕಾರ ಒಪ್ಪಂದ ಏನೇ ಇದ್ದರೂ ಮಾಲು ಒಪ್ಪಿಕೊಂಡ 45 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳ ಲೆಕ್ಕದ ಚಕ್ರಬಡ್ಡಿ. ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್‌ನಲ್ಲಿ ಎರಡೂ ಬಿಲ್ ಹಾಕಿ ಅರ್ಜಿ ಕೊಟ್ಟರೆ ಅದು ಇಂಥ ಬಾಕಿ ವಿವಾದ ಬಗೆಹರಿಸುವ ಫೆಸಿಲಿಟೇಶನ್ ಕೌನ್ಸಿಲ್‌ಗೆ ಹೋಗುತ್ತದೆ. ಕೊಂಡು ಮಾರುವ ವ್ಯಾಪಾರಿಗಳಿಗೆ ಉದ್ಯಮ್ ನೋಂದಣಿ ಇದ್ದರೂ ಈ ಸೌಲಭ್ಯ ಇಲ್ಲ, ಓದುತ್ತಿರುವ ಇತರರು ಗಮನಿಸಿ. 138ರ ಕೇಸು ನಡೆಯುತ್ತಿದ್ದರೂ ಈ ದಾರಿ ಮುಚ್ಚುವುದಿಲ್ಲ, ಒಂದೇ ಬಾಕಿ ಎರಡು ಸಲ ಮಾತ್ರ ಸಿಗದು.

ಸಣ್ಣಘಟಕ:

ನೋಡಿದೆ. ಟ್ಯಾಲಿಯಲ್ಲಿ ‘ಆನ್ ಅಕೌಂಟ್’ ಎಂದಿದೆ. ಲೆಡ್ಜರ್ ಕಳಿಸಿಲ್ಲ. ಮೇ 28ರ ವಾಟ್ಸಾಪ್‌ನಲ್ಲಿ ಅವರ ಕಡೆಯಿಂದ ಬರೀ ಯುಟಿಆರ್ ಸಂಖ್ಯೆ (ಬ್ಯಾಂಕ್ ವರ್ಗಾವಣೆಯ ಗುರುತು ಸಂಖ್ಯೆ) ಬಂದಿದೆ, ಬೇರೆ ಮಾತಿಲ್ಲ. ಚಾಟ್‌ನ ಸ್ಕ್ರೀನ್‌ಶಾಟ್ ತೆಗೆದಿಟ್ಟರೆ ಸಾಕೇ?

ಕೋರ್ಟ್‌ಹಾಲ್:

ಸ್ಕ್ರೀನ್‌ಶಾಟ್ ಪ್ರಿಂಟ್ ಮಾತ್ರ ಸಾಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63(4)ರ ಪ್ರಮಾಣಪತ್ರ ಜೊತೆಗಿರಬೇಕು. ಅದರ ಒಂದು ಭಾಗಕ್ಕೆ ಫೋನ್ ಬಳಸುವವರ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ, ಫೈಲಿನ ಹ್ಯಾಶ್ ಮೌಲ್ಯವನ್ನೂ (ಫೈಲ್ ಬದಲಾಗಿಲ್ಲ ಎಂದು ತೋರಿಸುವ ಸಂಕೇತ) ನಮೂದಿಸಬೇಕು. ಚಾಟನ್ನು ಎಕ್ಸ್‌ಪೋರ್ಟ್ ಮಾಡಿಡಿ, ಆ ಫೋನನ್ನು ಮಾರುವುದಾಗಲಿ ರೀಸೆಟ್ ಮಾಡುವುದಾಗಲಿ ಬೇಡ, ಅವರ ನಂಬರನ್ನು ಬ್ಲಾಕ್ ಮಾಡಬೇಡಿ. ‘ಮತ್ತೆ ಹಾಕಿ’ ಎಂಬ ಸಂದೇಶ ಬಾಕಿ ಒಪ್ಪಿಕೊಂಡಂತೆಯೇ ಇದೆ, ಅದು ನಿಮ್ಮ ಪರ.

40,000 ಫೆಬ್ರವರಿ ಬಿಲ್ಲಿಗೆ ಜಮೆ ಎಂಬ ಪತ್ರವನ್ನು ಇವತ್ತಿನ ತಾರೀಕಿನಲ್ಲೇ ಕಂಪನಿಗೆ ಇಮೇಲ್ ಮಾಡಿ, ಟ್ಯಾಲಿ ಎಂಟ್ರಿಯನ್ನೂ ಇವತ್ತೇ ಹಾಕಿ. ‘ಚೆಕ್ ಬೌನ್ಸ್ ಆದ ಮೇಲೆ ಜಮೆ ಮಾಡಿಕೊಂಡರು’ ಎಂದು ಅವರು ವಾದಿಸಿಯೇ ತೀರುತ್ತಾರೆ. ಅದಕ್ಕೆ ನಿಮ್ಮ ಉತ್ತರ ಸೆಕ್ಷನ್ 60, ಅದೂ ಒಪ್ಪಿಗೆಯಾಗದಿದ್ದರೆ 61. ಎರಡರ ಫಲಿತಾಂಶವೂ ಫೆಬ್ರವರಿ ಬಿಲ್ಲೇ. ನೋಟಿಸನ್ನು ವಕೀಲರಿಂದ ಈ ವಾರವೇ ಹೊರಡಿಸಿ.